ನಕ್ಷೆಯನ್ನು ಅಳೆಯಬಾರದು

ಪರದೆಯೊಳಗೆ ಎಲ್ಲವೂ ಇದ್ದಷ್ಟೇ ಇರುತ್ತದೆ.
ಗೋಡೆ ಗೋಡೆಯಷ್ಟು, ಬಾಗಿಲು ಬಾಗಿಲಷ್ಟು,
ಹೆಗ್ಗನಹಳ್ಳಿ ಕ್ರಾಸಿನ ಇಪ್ಪತ್ತು ಮೂವತ್ತು ಸೈಟು
ಕೂದಲೆಳೆ ಕುಗ್ಗದೆ ಕಪ್ಪು ಬಯಲಲ್ಲಿ ಮಲಗಿರುತ್ತದೆ.
ಕುಗ್ಗುವುದು ಕಾಗದಕ್ಕೆ ಇಳಿಯುವಾಗ.
ಒಂದಕ್ಕೆ ನೂರು ಅಂತ ಒತ್ತುತ್ತೇನೆ,
ಮನೆ ಅಂಗೈಯಗಲ ಆಗುತ್ತದೆ.

ಅಂಜಿನಮ್ಮ ಮಾತಾಡುವುದು ಅಡಿಯಲ್ಲಿ, ಪಾಲಿಕೆ ಕೇಳುವುದು ಮೀಟರಿನಲ್ಲಿ.
ನಡುವೆ ಕೂತ ನಾನು ದುಭಾಷಿ:
ಇಪ್ಪತ್ತು ಅಂದರೆ ಆರು ಪಾಯಿಂಟ್ ಒಂದು ಸೊನ್ನೆ.
"ಅದೇನವ್ವಾ, ಇಪ್ಪತ್ತು ಅಂದ್ರೆ ಆರಾ?
ಮಿಕ್ಕ ಹದಿನಾಲ್ಕು ಯಾರು ತಿಂದ್ರು?"
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ
ಕಾಲರು ಹೊಲಿದವಳು.

ಬಲಗಡೆ ಕೆಳಗೆ ಟೈಟಲ್ ಬ್ಲಾಕು.
ಹಳೇ ಫೈಲಿನಿಂದ ಎತ್ತಿ ತಂದದ್ದು,
ಹಿಂದಿನವರ ಹೆಸರು ಅಳಿಸಿ ಇವಳದ್ದು ತುಂಬಬೇಕು.
ಒಮ್ಮೆ ಮರೆತು, ಲಗ್ಗೆರೆಯ ಮೆಹಬೂಬ್ ಸಾಬರ ಮನೆಗೆ
ಕಾಮಾಕ್ಷಿಪಾಳ್ಯದ ಹಾಲಿನ ಸಂಘ
ಎರಡು ದಿನ ಒಡೆಯನಾಗಿತ್ತು.
ರಚಿಸಿದವರು: ನಾನು, ಎರಡಕ್ಷರ,
ಐದು ಮಿಲಿಮೀಟರಿನ ಖಾನೆಗೆ ಹಿಡಿಸುವುದು ಅಷ್ಟೇ.
ಪರಿಶೀಲಿಸಿದವರು: ಅದೂ ನಾನೇ,
ಇನಿಷಿಯಲ್ಲು ಮಾತ್ರ ಪಿಂಟೋ ಸಾರ್ ಅವರದು.
ಉತ್ತರದ ಬಾಣ. ಅಡುಗೆಮನೆ ಆಗ್ನೇಯಕ್ಕೆ ಬರಲಿ,
ಅದನ್ನೊಂಚೂರು ತಿರುಗಿಸು ಅಂದಳು ಅಂಜಿನಮ್ಮ.
ಸೂರ್ಯ ಕೇಳಲ್ಲ ಕಣಮ್ಮಾ ಅಂದೆ.
ಎಲ್ಲಕ್ಕಿಂತ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಬರೆದ ಅಳತೆಯನ್ನೇ ಅನುಸರಿಸುವುದು, ನಕ್ಷೆಯನ್ನು ಅಳೆಯಬಾರದು.

ಆ ಶನಿವಾರ ನವರಂಗ್ ಹತ್ತಿರದ ಅಂಗಡಿಯಲ್ಲಿ ಪ್ಲಾಟರ್ ಕೆಟ್ಟಿತ್ತು.
ಹುಡುಗ ಸಣ್ಣ ಹಾಳೆಗೇ ತೆಗೆದುಕೊಟ್ಟ.
ಹಾಳೆಗೆ ಹೊಂದಿಸು ಎನ್ನುವ ಪುಟ್ಟ ಚೌಕದಲ್ಲಿ
ಟಿಕ್ ಬಿದ್ದದ್ದು ಅವನು ನೋಡಲಿಲ್ಲ, ನಾನೂ ನೋಡಲಿಲ್ಲ,
ಹೊರಗೆ ಬಸ್ಸು ಹಾರನ್ ಮಾಡುತ್ತಿತ್ತು.
ಸ್ಕೇಲಿನ ಖಾನೆ ಒಂದಕ್ಕೆ ನೂರು ಅಂತಲೇ ಅನ್ನುತ್ತಿತ್ತು,
ಮನೆ ಮಾತ್ರ ನಾಲ್ಕು ಸುತ್ತಿನಿಂದಲೂ
ಒಂದಿಷ್ಟು ಒಳಗೆ ಸರಿದು ಕೂತಿತ್ತು.
ಎಲ್ಲ ಅಳತೆಯೂ ಬರೆದಿದ್ದೆ.
ಮೆಟ್ಟಿಲ ಅಗಲವೊಂದು ಬಿಟ್ಟು.

ಮೇಸ್ತ್ರಿ ಪೆರುಮಾಳ್ ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲು ತಂದ.
ಒಂಬತ್ತು ಗೆರೆ ಇರಬೇಕಾದಲ್ಲಿ
ಎಂಟೂವರೆ ಎಣಿಸಿದ.
ಅವನ ಕಣ್ಣು ಸರಿಯಾಗಿಯೇ ಇತ್ತು.
ಎಂಟೂವರೆಗೇ ಕಾಂಕ್ರೀಟು ಬಿತ್ತು.

ಗೃಹಪ್ರವೇಶಕ್ಕೆ ಕರೆದರು. ಮೊದಲ ಪಂಕ್ತಿಯಲ್ಲೇ ಕೂತಿದ್ದೆ.
ಟೆಂಪೋದಿಂದ ಬೂದಿ ಬಣ್ಣದ ಬೀರು ಇಳಿಯಿತು,
ನಾಲ್ಕು ಜನ ಹೊತ್ತರು,
ಬಲಕ್ಕೆ, ಅಲ್ಲ ಎಡಕ್ಕೆ, ಒಂಚೂರು ಓರೆ ಮಾಡಣ್ಣಾ,
ತಿರುವಿನಲ್ಲಿ ಕಚ್ಚಿಕೊಂಡಿತು.
ಹೊಸ ಸುಣ್ಣದ ಮೇಲೆ ಒಂದು ಉದ್ದ ಗೀರು.
ನನ್ನ ಕೈಯಲ್ಲಿ ಹೋಳಿಗೆ ಹಾಗೇ.
ಪೆರುಮಾಳ್ ಜೇಬಿನಿಂದ ಹಾಳೆ ಬಿಡಿಸಿದ,
ಎಂಟು ಮಡಿಕೆ, ಅಂಚೆಲ್ಲ ಸಿಮೆಂಟು,
ಇರುವೆ ಸಾಲು ಅದರಡಿ ಮುಚ್ಚಿಹೋಗಿತ್ತು.
ನನ್ನ ಎರಡಕ್ಷರ ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು.

ಅಂಜಿನಮ್ಮ ಬೈಯಲಿಲ್ಲ.
"ಕಾಲಿಂಚು ಹೋದ್ರೆ ನಮ್ಮಲ್ಲಿ ಅಂಗಿ ವಾಪಸ್ ಕಳಿಸ್ತಾರೆ.
ಇದನ್ನ ಎಲ್ಲಿಗೆ ಕಳಿಸ್ಲವ್ವಾ?"
ಅಂದು, ನನ್ನೆಲೆಗೆ ಇನ್ನೊಂದು ಹೋಳಿಗೆ ಹಾಕಿ,
ತುಪ್ಪ ಬಡಿಸುವವನನ್ನು ಕೂಗಿದಳು.

ಸೋಮವಾರ ಫೈಲು ತೆರೆದೆ.
ರಿವಿಷನ್ ಸಿ, ದಿನಾಂಕ ಹಾಕಿದೆ.
ಮೆಟ್ಟಿಲಿಗೆ ಒಂಬತ್ತು ಬರೆಯಲೋ ಎಂಟೂವರೆ ಬರೆಯಲೋ ಎಂದು
ಟೀ ಆರುವವರೆಗೆ ಕೂತೆ.
ಸೊನ್ನೆ ಪಾಯಿಂಟ್ ಎಂಟು ಐದು.
ಆಮೇಲೆ ಮೆಟ್ಟಿಲ ಕೆಳಗೆ,
ಯಾವ ಪಾಲಿಕೆಯೂ ಕೇಳದ ಒಂದು ಚೌಕ ಎಳೆದೆ:
ಬೀರು, ಮೂರಡಿ ಅಗಲ, ಹತ್ತೊಂಬತ್ತಿಂಚು ಆಳ,
ಇದ್ದಷ್ಟೇ.
ಪ್ರಿಂಟು ಕೊಡಲಿಲ್ಲ.